ಯಾರದ್ದೂ ಅಲ್ಲದ ಬಣ್ಣ

ಮದ್ರಾಸಿನ ಸೌಕಾರ್‌ಪೇಟೆಯ ಸಗಟು ಅಂಗಡಿಯಲ್ಲಿ ಕೈಗೆ ಕಟ್ಟುವ ಬಣ್ಣದ ದಾರ ನೂರಕ್ಕೆ ನೂರ ಹತ್ತು ರೂಪಾಯಿ. ಬಿಳಿಯದಾದರೆ ಎಂಬತ್ತು. ನಾನೂರು ದಾರ ಬೇಕು, ಅಂದರೆ ಬಿಳಿ ತಗೊಂಡರೆ ನೂರ ಇಪ್ಪತ್ತು ರೂಪಾಯಿ ಉಳಿತಾಯ. ಇಪ್ಪತ್ತು ವರ್ಷ ಹೋಟೆಲಿನ ಗಲ್ಲಾದಲ್ಲಿ ಕೂತ ಬಾಬುವಿಗೆ ಅಷ್ಟು ದುಡ್ಡನ್ನು ಅಲ್ಲೇ ಬಿಟ್ಟು ಬರುವ ಮನಸ್ಸಾಗಲಿಲ್ಲ. ಬಿಳಿ ದಾರದ ಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಖುಷಿಯಿಂದ ಮಾಧವರಂ ಬಸ್ಸು ಹತ್ತಿದ. ಮರುದಿನದ ರಗಳೆಗೆಲ್ಲ ಮೂಲ ಅದು.

ಅವನ ಹೋಟೆಲಿನ ಹಿಂದಿನ ಗೋಡೆಗೆ ತಾಗಿಕೊಂಡೇ ಸರಕಾರಿ ಶಾಲೆ. ಮಗಳು ಪ್ರಣಮ್ಯಾ ಅಲ್ಲಿ ಏಳನೆಯ ಕ್ಲಾಸು. ಒಂದು ವರ್ಷದಿಂದ ಆ ಶಾಲೆಯ ಮಕ್ಕಳು ಕೈಗೆ ಜಾತಿಗೊಂದು ಬಣ್ಣದ ದಾರ ಕಟ್ಟಿಕೊಂಡು ಬರುತ್ತಿದ್ದರು. ಹಳದಿ ಒಂದು ಬೀದಿಯವರದು, ಕೆಂಪು ಎದುರು ಬೀದಿಯವರದು, ಹಸಿರು ಹಾಲಿನ ಡೈರಿಯ ಆಚೆಯವರದು. ಯಾವ ಬೆಂಚು, ಊಟಕ್ಕೆ ಎಲ್ಲಿ, ಕಬಡ್ಡಿಗೆ ಯಾರ ಜೊತೆ, ಎಲ್ಲವೂ ದಾರ ನೋಡಿಯೇ ತೀರ್ಮಾನ. ಹೋದ ವಾರ ಹಳದಿಯ ಹುಡುಗನೊಬ್ಬ ಮರೆತು ಕೆಂಪಿನವರ ಬೆಂಚಿನಲ್ಲಿ ಕೂತಿದ್ದಕ್ಕೆ ಅವರಲ್ಲೊಬ್ಬ ಸ್ಕೇಲಿನಿಂದ ಹೊಡೆದು, ಅವನ ಹಣೆಗೆ ಮೂರು ಹೊಲಿಗೆ ಬಿದ್ದಿದ್ದವು.

ಕನ್ನಡನಾಡಿನಿಂದ ಬಂದ ಹೋಟೆಲಿನವರಿಗೆ ಯಾವ ಬಣ್ಣವೂ ಇರಲಿಲ್ಲ, ಹಾಗಾಗಿ ಪ್ರಣಮ್ಯಾಳ ಕೈಯಲ್ಲಿ ದಾರವೇ ಇರಲಿಲ್ಲ. ಅವಳನ್ನು ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಳ್ಳಲಿಲ್ಲ, ಅಷ್ಟೆ. ಮೊದಲು ಜೀವದ ಗೆಳತಿಯಾಗಿದ್ದ ಕಯಲ್ ಈಗ ಹಸಿರು. ನೀರಿನ ಟ್ಯಾಂಕಿನ ಹಿಂದೆ ಒಬ್ಬಳೇ ಕೂತು ಬುತ್ತಿ ಖಾಲಿ ಮಾಡಿ ಬರುವ ಮಗಳನ್ನು ಹೋಟೆಲಿನ ಹಿಂದಿನ ಕಿಟಕಿಯಿಂದ ನೋಡಿದಾಗಲೆಲ್ಲ ಬಾಬು ಗಿರಾಕಿಗೆ ಚಿಲ್ಲರೆ ಹೆಚ್ಚುಕಡಿಮೆ ಕೊಟ್ಟುಬಿಡುತ್ತಿದ್ದ.

ಶಾಲಾ ಸಮಿತಿಯಲ್ಲಿ ಅವನು ಪಾಲಕರ ಪರವಾಗಿ ಸದಸ್ಯ. ಹೆಡ್‌ಮಿಸ್ ರತ್ನಾವತಿ ಗಡಿಯ ಹೊಸೂರಿನವರು. ಅವರಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು, ಸಿಟ್ಟು ಬಂದಾಗ ಮಾತ್ರ ತಮಿಳು. ಸಭೆಯಲ್ಲಿ ಅವರು, "ದಾರ ಬಿಚ್ಚಿ ಅಂದ್ರೆ ದೇವರದ್ದು ಅಂತಾರೆ, ಅಜ್ಜಿ ಕಟ್ಟಿದ್ದು ಅಂತಾರೆ. ಎಲ್ಲರಿಗೂ ಒಂದೇ ಬಣ್ಣದ್ದು ಕಟ್ಟಿ, ಹಳೇದನ್ನ ಬಿಚ್ಚಿಸಿಬಿಡೋಣ. ದಾರ ಯಾರು ತರ್ತೀರಿ?" ಎಂದರು. ಗಿರಾಕಿ ಏನು ಕೇಳಿದರೂ "ಈಗ ಬಂತು" ಎಂದು ಹೇಳಿ ಅಭ್ಯಾಸವಿದ್ದ ಬಾಬು ಎದ್ದು ನಿಂತ. ನಿಂತದ್ದಷ್ಟೇ ಅಲ್ಲ, "ಇನ್ನು ಮೇಲೆ ಜಾತಿಯ ಗುರುತನ್ನು ಶಾಲೆಯೊಳಗೆ ಯಾರು ತಂದರೂ ಅವರನ್ನು ಈ ಸಮಿತಿಯಿಂದ ತೆಗೆಯಬೇಕು, ಯಾರೇ ಆಗ್ಲಿ!" ಎಂದೂ ಸೇರಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಿಯಮ ಪಾಸಾಯಿತು.

ದಾರ ಕಟ್ಟುವ ದಿನ ಬೆಳಿಗ್ಗೆ ಆರಕ್ಕೆ ಮಧ್ವರಾಜರು ಕಾಫಿಗೆ ಬಂದರು. ನಿವೃತ್ತರು, ಮೂರು ತಲೆಮಾರಿನಿಂದ ಮದ್ರಾಸಿನಲ್ಲಿರುವ ಕನ್ನಡದವರು. ಕಾಫಿಗೆ ದುಡ್ಡು ಕೊಡುತ್ತಿದ್ದರು, ಸಲಹೆಗೆ ತಗೊಳ್ಳುತ್ತಿರಲಿಲ್ಲ.

"ಏನ್ರೀ ಬಾಬು ಇದು, ಬಿಳಿ ದಾರ?"

"ಶಾಲೆ ಮಕ್ಕಳಿಗೆ. ಎಲ್ಲರಿಗೂ ಒಂದೇ ಬಣ್ಣ."

"ಅಯ್ಯಯ್ಯೋ! ಬೆಳಗ್ಗೆ ಬೆಳಗ್ಗೆ ನಾನೂರು ಮಕ್ಕಳ ಕೈಗೆ ಬಿಳಿ ಕಟ್ತೀರಾ? ಸಾವಿನ ಮನೆ ಅಂದ್ಕೊಳ್ಳಲ್ವೇನ್ರೀ ಜನ? ಕಲರ್ ಹಾಕ್ರೀ, ಕಲರು! ಮಂಗಳಕರವಾಗಿರಬೇಡ್ವಾ?"

ಬಾಬುವಿನ ಮುಖ ಕೆನೆ ತೆಗೆದ ಹಾಲಿನಂತಾಯಿತು. ಹನ್ನೊಂದಕ್ಕೆ ಕಾರ್ಯಕ್ರಮ. ಸೌಕಾರ್‌ಪೇಟೆಯ ಅಂಗಡಿ ಬಾಗಿಲು ತೆರೆಯುವುದೇ ಹತ್ತರ ಮೇಲೆ.

ಅಡುಗೆಯ ರೂಪೇಶ್ ಒಳಗಿಂದ ತಲೆ ಹಾಕಿದ. "ಬಾಬಣ್ಣ, ಬಣ್ಣಕ್ಕೆ ಎಂತಕ್ಕೆ ಪೇಟೆಗೆ ಹೋಗುದು? ಅರಿಶಿನ ಉಂಟಲ್ಲ? ಸಾಂಬಾರಿನ ದೊಡ್ಡ ಪಾತ್ರೆಯಲ್ಲಿ ಮುಳುಗಿಸಿದರೆ ಆಯ್ತು. ಮಂಗಳಕ್ಕೆ ಮಂಗಳ, ಬಣ್ಣಕ್ಕೆ ಬಣ್ಣ."

ಅರ್ಧ ಗಂಟೆಯಲ್ಲಿ ನಾನೂರು ದಾರ ಹಳದಿಯಾಗಿ ಹಬೆಯಾಡುತ್ತ ಮೇಲೆ ಬಂದವು, ಮದುವೆ ಮನೆಯ ಶಾವಿಗೆಯಂತೆ. ಹೊರಗೆ ಹಗ್ಗಕ್ಕೆ ಹಾಕುವಷ್ಟರಲ್ಲಿ ಆಟೋ ವೆಂಕಟೇಶ ಪೊಂಗಲ್ ತಿನ್ನಲು ಬಂದ. ದಾರ ನೋಡಿದವನ ಕಣ್ಣು ತುಂಬಿ ಬಂತು. ಅವನು ಬಾಬುವಿನ ಎರಡೂ ಕೈ ಹಿಡಿದುಕೊಂಡು ತಮಿಳಿನಲ್ಲಿ ಹೇಳಿದ್ದರ ಸಾರ ಇಷ್ಟು: ಹಳದಿ ನಮ್ಮ ಬೀದಿಯ ಬಣ್ಣ, ಇಡೀ ಶಾಲೆಗೆ ನಮ್ಮದನ್ನೇ ಕಟ್ಟಿಸುತ್ತಿದ್ದೀರಲ್ಲ, ನಿಮ್ಮ ಈ ಉಪಕಾರವನ್ನು ಸಾಯುವವರೆಗೆ ಮರೆಯುವುದಿಲ್ಲ ಅಣ್ಣಾಚಿ.

"ದೇವರೇ!" ಎಂದ ಬಾಬು. ಅರಿಶಿನದ ಗಡಿಬಿಡಿಯಲ್ಲಿ ಹಳದಿ ಯಾರದ್ದೆಂದು ಮರೆತೇ ಹೋಗಿತ್ತು.

ವೆಂಕಟೇಶ ಕೈ ತೊಳೆಯಲು ಹೋದದ್ದೇ ತಡ, ಬಾಬು ದಾರವನ್ನೆಲ್ಲ ಬಾಚಿಕೊಂಡು ಒಳಗೆ ಓಡಿದ. "ಬದಲಾಯಿಸು ಮಾರಾಯ, ಬೇಗ ಬದಲಾಯಿಸು!"

ರೂಪೇಶನಿಗೆ ಗೊತ್ತಿದ್ದ ಬಣ್ಣದ ವಿದ್ಯೆ ಇನ್ನು ಒಂದೇ. ಆರತಿಯ ನೀರಿಗೆ ಮಾಡುವಂತೆ ಅರಿಶಿನಕ್ಕೆ ಎಲೆಯಡಿಕೆಯ ಸುಣ್ಣ ಕದಡಿಬಿಟ್ಟ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಪಾತ್ರೆಯೆಲ್ಲ ಕೆಂಪು. ಕೈ ತೊಳೆದು ಬಂದ ವೆಂಕಟೇಶ ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಅಣ್ಣಾಚಿ," ಎಂದ. "ಈಗ ತಾನೇ ನಮ್ಮ ಕಡೆ ಇದ್ರಿ. ನಾನು ಕೈ ತೊಳೆಯೋದ್ರೊಳಗೆ ಎದುರು ಬೀದಿಗೆ ಹೋಗ್ಬಿಟ್ರಾ?"

ಪೊಂಗಲ್‌ನ ದುಡ್ಡನ್ನೂ ಕೊಡದೆ ಆಟೋ ಹತ್ತಿ ಹೊರಟೇಹೋದ.

ಬಾಬು ಸ್ಟೂಲಿನ ಮೇಲೆ ಕುಸಿದ. "ರೂಪೇಶಾ, ಯಾರದ್ದೂ ಅಲ್ಲದ ಬಣ್ಣ ಒಂದೂ ಇಲ್ಲವಾ ಈ ಊರಲ್ಲಿ? ಹಸಿರು ಡೈರಿಯವರದು, ನೀಲಿ ಪಾರ್ಟಿಯವರದು, ಕೇಸರಿ ಇನ್ನೊಂದು ಪಾರ್ಟಿ..."

ಮಹಡಿಯ ಮನೆಯಿಂದ ಹೆಂಡತಿ ಚಂದ್ರಮತಿ ಮಗಳ ಬುತ್ತಿ ಹಿಡಿದು ಇಳಿದುಬಂದಳು. ಗಂಡನ ಹತ್ತು ಬೆರಳೂ ಕೆಂಪಗಿರುವುದನ್ನು ನೋಡಿ, "ನಿಮಗೆ ಎಂತ ಮರುಳಾ? ಕೊಲೆ ಮಾಡಿದವರ ಹಾಗೆ ಕೂತಿದ್ದೀರಿ!" ಎಂದಳು. ಸಂಗತಿ ಕೇಳಿ ಒಂದು ಕ್ಷಣ ಯೋಚಿಸಿ, ಮೂಲೆಯ ದೊಡ್ಡ ಫಿಲ್ಟರಿನ ಕಡೆ ಗಲ್ಲ ತೋರಿಸಿದಳು. "ಡಿಕಾಕ್ಷನ್ ಸುರೀರಿ. ಕಾಫಿ ಬಣ್ಣಕ್ಕೆ ಯಾವ ಜಾತಿ? ಎಲ್ಲರೂ ಕುಡೀತಾರೆ."

ಅವಳ ಹಿಂದೆ ಬ್ಯಾಗು ಹಾಕಿಕೊಂಡು ನಿಂತಿದ್ದ ಪ್ರಣಮ್ಯಾ, "ಅಪ್ಪಾ, ಸ್ಕೂಲ್ಲೆ ವಂದು ನೀ ಒಣ್ಣುಂ ಪೇಸಾದೆ, ಪ್ಲೀಸ್," ಎಂದಳು. ಶಾಲೆಗೆ ಬಂದು ಬಾಯಿ ತೆರೆಯಬೇಡ ಅಂತ. ಆಮೇಲೆ ಸ್ವಲ್ಪ ಮೆತ್ತಗೆ ಕನ್ನಡದಲ್ಲಿ ಕೇಳಿದಳು, "ಇದು ಕಟ್ಟಿದ್ರೆ ಕಯಲ್ ನನ್ನ ಹತ್ರ ಕೂರ್ತಾಳಾ?"

ಬಾಬು ಎದ್ದು ಬೆಳಗಿನ ಡಿಕಾಕ್ಷನ್ ಅಷ್ಟನ್ನೂ ಪಾತ್ರೆಗೆ ಸುರಿದ. ಸಾಲಲಿಲ್ಲ. ಇನ್ನೆರಡು ಕಿಲೋ ಪುಡಿ ಹಾಕಿ ಇಳಿಸಿ ಅದನ್ನೂ ಸುರಿದ. ಹೊರಗೆ ಗಿರಾಕಿಗಳು ಕಾಫಿ ಕಾಫಿ ಎಂದು ಮೇಜು ಕುಟ್ಟುತ್ತಿದ್ದರು. "ಇವತ್ತು ಕಾಫಿ ಇಲ್ಲ" ಎಂದು ಬಾಬು ಆ ಹೋಟೆಲಿನ ಚರಿತ್ರೆಯಲ್ಲೇ ಮೊದಲ ಸಲ ಕೂಗಿ ಹೇಳಿದ. ದಾರ ಒಣಗಬೇಕಲ್ಲ, ದೋಸೆ ಕಾವಲಿಯ ಮೇಲೆ ಹರವಿದರು. ದೋಸೆಯೂ ಇಲ್ಲವಾಯಿತು. ಮಧ್ವರಾಜರು ಬರಿ ಲೋಟವನ್ನು ಮೂಸುತ್ತ ಕೂತರು.

ಹನ್ನೊಂದಕ್ಕೆ ಶಾಲೆಯ ಅಂಗಳದಲ್ಲಿ ಮುನ್ನೂರ ಅರವತ್ತರಷ್ಟು ಮಕ್ಕಳು. ದಾರಗಳು ಈಗ ಹಳದಿಯೂ ಅಲ್ಲ, ಕೆಂಪೂ ಅಲ್ಲ, ತಳ ಹಿಡಿದ ಪಾಯಸದಂಥ ಕಂದು. ರತ್ನಾವತಿ ಒಂದನ್ನು ಮೂಗಿನ ಹತ್ತಿರ ಹಿಡಿದರು. "ಏನ್ ಸಾರ್, ಫಿಲ್ಟರ್ ಕಾಫಿ ವಾಸನೆ?"

"ಹೌದು ಮೇಡಂ. ಸ್ವಲ್ಪ ದೋಸೆಯದ್ದೂ ಉಂಟು."

ಹಣೆಗೆ ಹೊಲಿಗೆ ಬಿದ್ದ ಹುಡುಗ ಮುಂದೆ ಬಂದು, "ಇದು ಯಾರ ಕಲರು ಸಾರ್?" ಎಂದು ಕೇಳಿದ. ಇಡೀ ಅಂಗಳ ಕಿವಿಯಾಯಿತು.

"ಯಾರದ್ದೂ ಅಲ್ಲ ಮಗಾ," ಎಂದ ಬಾಬು.

ಹುಡುಗ ಯೋಚಿಸಿದ. ದಾರ ಮೂಸಿದ. ನಕ್ಕ. ತನ್ನ ಹಳದಿ ದಾರವನ್ನು ಹಲ್ಲಿನಿಂದ ಕಡಿದು, ಹಳೇ ದಾರಕ್ಕೆಂದು ಹೆಡ್‌ಮಿಸ್ ಇಡಿಸಿದ್ದ ಬಕೆಟ್ಟಿಗೆ ಎಸೆದ. ಅವನನ್ನು ಹೊಡೆದಿದ್ದ ಹುಡುಗನೂ ತನ್ನ ಕೆಂಪನ್ನು ಬಿಚ್ಚಿ ಎಸೆದ. ಆಮೇಲೆ ತಡವಾಗಲಿಲ್ಲ. ಮಕ್ಕಳು ಒಬ್ಬರ ಕೈ ಒಬ್ಬರು ಮೂಸುತ್ತ ನಗುತ್ತ ಸಾಲು ಕೆಡಿಸಿದರು. ಮಧ್ಯಾಹ್ನ ಹಿಂದಿನ ಕಿಟಕಿಯಿಂದ ಬಾಬು ಇಣುಕಿದರೆ ಟ್ಯಾಂಕಿನ ಹಿಂದೆ ಯಾರೂ ಇಲ್ಲ. ಪ್ರಣಮ್ಯಾ ಬೇವಿನ ಮರದಡಿ ಕೂತಿದ್ದಳು, ಕಯಲ್ ಅವಳ ಬುತ್ತಿಗೇ ಕೈ ಹಾಕಿದ್ದಳು. ಬಾಬು ಈರುಳ್ಳಿ ಹೆಚ್ಚುವವನ ಪಕ್ಕ ಹೋಗಿ ನಿಂತುಕೊಂಡ, ಕಣ್ಣೀರಿಗೆ ಕಾರಣ ಹೇಳಬೇಕಾಗಬಾರದೆಂದು.

ಕಥೆ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಮೂವತ್ತು ನಲವತ್ತು ದಾರ ಉಳಿದಿದ್ದವು. ಬಾಬು ಅವನ್ನು ಗಲ್ಲಾದ ಮೇಲಿಟ್ಟು, ಒಂದು ವರ್ಷದಿಂದ ಬಾರದ ನಿದ್ದೆ ಮಾಡಲು ಮಹಡಿಗೆ ಹೋದ.

ಸಂಜೆ ಐದಕ್ಕೆ ಇಳಿದು ಬಂದವನಿಗೆ ಹೋಟೆಲು ತನ್ನದು ಹೌದೋ ಅಲ್ಲವೋ ಎನ್ನಿಸಿತು. ರೂಪೇಶನ ಕೈಯಲ್ಲಿ ಕಂದು ದಾರ. ಎಲೆ ತೆಗೆಯುವವನ ಕೈಯಲ್ಲಿ ಕಂದು ದಾರ. ಗೋಡೆಯ ದೇವರ ಪಟಕ್ಕೂ ಒಂದು. ನಡುವೆ ಮಧ್ವರಾಜರು ಕುರ್ಚಿಯ ಮೇಲೆ ನಿಂತು ಭಾಷಣ ಮಾಡುತ್ತಿದ್ದರು.

"ಎಷ್ಟು ಕಾಲ ಆಯ್ತು ನಾವು ಈ ಊರಿಗೆ ಬಂದು! ಪ್ರತಿಯೊಬ್ಬರಿಗೂ ಒಂದು ಬಣ್ಣ ಇದೆ, ನಮಗೆ ಮಾತ್ರ ಇರಲಿಲ್ಲ. ಕಂಡವರೆಲ್ಲ ಇಡ್ಲಿಯೋರು, ಹೋಟ್ಲೋರು ಅಂತಾರೆ. ಇವತ್ತು ನಮ್ಮ ಬಾಬು ನಮಗೂ ಒಂದು ಬಣ್ಣ ಕೊಟ್ಟಿದ್ದಾರೆ ಕಣ್ರಪ್ಪಾ! ಕಾಫಿ ಬಣ್ಣ!"

"ಇಳೀರಿ! ಮೊದಲು ಕೆಳಗೆ ಇಳೀರಿ!" ಬಾಬು ಕೂಗಿದ.

"ನೀವು ಸಂಕೋಚ ಪಟ್ಕೋಬೇಡಿ ಬಾಬು. ಪೆರುಂಗುಡಿಯಲ್ಲಿರೋ ನನ್ನ ಮಗನಿಗೂ ಹೇಳಿದೀನಿ. ಆಫೀಸಿನಲ್ಲಿ ನಮ್ಮೋರು ಹನ್ನೆರಡು ಜನ ಇದಾರಂತೆ, ಕಳಿಸಿ ಅಂದ."

ಬಾಗಿಲಲ್ಲಿ ವೆಂಕಟೇಶ ನಿಂತಿದ್ದ. ಅವನ ಮುಖದಲ್ಲಿ ಬೆಳಗಿನ ಸಿಟ್ಟಿರಲಿಲ್ಲ. ಒಗಟು ಬಿಡಿಸಿದವನ ನೆಮ್ಮದಿ ಇತ್ತು. "ಓ, ಕಂದು ನಿಮ್ಮೋರದ್ದಾ? ಮೊದಲೇ ಹೇಳಬಾರದಾ ಅಣ್ಣಾಚಿ," ಎಂದು ಪೊಂಗಲ್‌ನ ದುಡ್ಡು ಗಲ್ಲಾದ ಮೇಲಿಟ್ಟ. ಫೋನ್ ತೆಗೆದು ಎಲ್ಲರ ಕೈ ಒಟ್ಟಿಗೆ ಬರುವಂತೆ ಫೋಟೋ ಹಿಡಿದು ಬೀದಿಯ ವಾಟ್ಸಾಪ್ ಗುಂಪಿಗೆ ಕಳಿಸಿದ. ಅಲ್ಲಿಂದ ಅದು ಎದುರು ಬೀದಿಗೂ ಡೈರಿಯ ಆಚೆಗೂ ಹಾರಿತು.

ರತ್ನಾವತಿ ಬಂದು ಮುಟ್ಟಲು ಕಾಲು ಗಂಟೆ ಹಿಡಿಯಿತು. ಕೈಯಲ್ಲಿದ್ದ ಫೋನು ಜೀರುಂಡೆಯ ಹಾಗೆ ಗುಂಯ್‌ಗುಡುತ್ತಲೇ ಇತ್ತು. ಅವರು ಸುತ್ತಲೂ ಒಮ್ಮೆ ನೋಡಿದರು, ದೇವರ ಪಟವನ್ನೂ ನೋಡಿದರು.

"ಎನ್ನ ಸಾರ್ ಇದು?"

ಏನಿದು ಎಂಬುದು ತಮಿಳಿನಲ್ಲಿ ಬಂದದ್ದೇ ಬಾಬು ಕೆಂಪು ಬೆರಳುಗಳನ್ನು ಬೆನ್ನ ಹಿಂದೆ ಅಡಗಿಸಿದ.

"ಕಾಲು ಗಂಟೆಯಲ್ಲಿ ಹದಿನೈದು ಜನ ಫೋನ್ ಮಾಡಿದ್ರು ಸಾರ್. ಹಳದಿಯವರು, ಕೆಂಪಿನವರು, ಹಸಿರಿನವರು, ಎಲ್ಲಾ ಒಂದೇ ಮಾತು. ಹೋಟೆಲ್‌ನೋರ ಜಾತಿ ದಾರ ನಮ್ಮ ಮಕ್ಕಳ ಕೈಗೆ ಯಾಕೆ ಕಟ್ಟಿದ್ರಿ ಅಂತ. ಈ ಶಾಲೆಯಲ್ಲಿ ಅವರೆಲ್ಲ ಒಂದು ಮಾತಿಗೆ ಸೇರಿದ್ದು ಇದೇ ಮೊದಲು."

"ಮೇಡಂ, ಅದು ಬರೀ ಡಿಕಾಕ್ಷನ್..."

"ನನಗೆ ಗೊತ್ತು. ನಾಳೆ ನಾನು ಅವರಿಗೆ ಏನು ಹೇಳಲಿ? ಬೆಳಗ್ಗೆ ಎಲ್ಲ ಕಂದು ದಾರ ಬಿಚ್ಚಿಸ್ತೀನಿ. ಮತ್ತೆ ಸಾರ್, ನಿಯಮ ಇದೆಯಲ್ಲ. ಜಾತಿ ಗುರುತು ಶಾಲೆಗೆ ತಂದವರು ಯಾರೇ ಆಗಲಿ." ಅವರ ಧ್ವನಿ ಮೆತ್ತಗಾಯಿತು, ಕನ್ನಡಕ್ಕೆ ಮರಳಿತು. "ಅದನ್ನ ಹೇಳಿದೋರು ನೀವೇ. ನಾನೂ ಚಪ್ಪಾಳೆ ತಟ್ಟಿದ್ದೆ."

ಚಂದ್ರಮತಿ ಅವರಿಗೆ ಕೂರಲು ಕುರ್ಚಿ ಕೊಟ್ಟಳು. ಕೊಡಲು ಕಾಫಿ ಇರಲಿಲ್ಲ, ಮಜ್ಜಿಗೆ ಕೊಟ್ಟಳು.

ಮೆಟ್ಟಿಲ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದ ಪ್ರಣಮ್ಯಾ, "ಮಿಸ್, ಹಳೇ ದಾರ?" ಎಂದು ಕೇಳಿದಳು. "ಬಕೆಟಲ್ಲಿ ಹಾಕಿದ್ದು. ಅದನ್ನ ವಾಪಸ್ ಕೊಡ್ತೀರಾ?"

"ಅದಾ? ನನ್ನ ರೂಮಿನ ಬೀರುವಿನಲ್ಲಿದೆ. ಬೇಕಾದ ಅಪ್ಪ ಅಮ್ಮ ಬಂದು, ಎಲ್ಲರೆದುರು ತಮ್ಮದು ಯಾವುದು ಅಂತ ಮುಟ್ಟಿ ತೋರಿಸಿ ತಗೊಂಡು ಹೋಗಲಿ ಅಂದಿದೀನಿ. ಎಲ್ಲವೂ ಒಟ್ಟಿಗೆ ಗಂಟು ಬಿದ್ದಿವೆ. ಕೆಂಪಿನವನು ಹಸಿರನ್ನ ಮುಟ್ಟದೆ ತೆಗೆಯೋಕಾಗಲ್ಲ. ಯಾರೂ ಬರಲ್ಲ ಬಿಡು." ರತ್ನಾವತಿ ಮಜ್ಜಿಗೆ ಮುಗಿಸಿ ಎದ್ದರು.

ಪ್ರಣಮ್ಯಾ ತನ್ನ ಕಂದು ದಾರ ಬಿಚ್ಚಿ ಖಾಲಿ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಅಂದ್ರೆ ನಾಳೆಯಿಂದ ಎಲ್ಲರ ಕೈಯೂ ನನ್ನ ಕೈ ಥರಾನೇ ಇರತ್ತಾ?"

"ಹೌದಲ್ಲ," ಎಂದ ಬಾಬು. ಅವನಿಗೂ ಆಗಲೇ ಹೊಳೆದದ್ದು.

ನೂರ ಇಪ್ಪತ್ತು ರೂಪಾಯಿ ಉಳಿಸಲು ಹೋದವನಿಗೆ ಎರಡು ಕಿಲೋ ಕಾಫಿ ಪುಡಿ ಹೋಯಿತು, ಒಂದು ಹೊತ್ತಿನ ವ್ಯಾಪಾರ ಹೋಯಿತು, ಸಮಿತಿಯ ಕುರ್ಚಿ ಹೋಯಿತು. ಬೆರಳಿನ ಕೆಂಪು ಮಾತ್ರ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಮಗಳು ಬುತ್ತಿಯ ಜೊತೆ ಇನ್ನೊಂದು ದೋಸೆ ಜಾಸ್ತಿ ಕಟ್ಟಿಸಿಕೊಂಡು ಹೋದಳು, ಕಯಲ್‌ಗೆ ಅಂತ.