ಯಾವಾಗ ಬಿಚ್ಚಿಸಿದ್ದಿ?

ನಮ್ಮ ಸೋದರಮಾವನಿಗೆ ನೀವು ಮುಖ ತೋರಿಸಿ ಪ್ರಯೋಜನವಿಲ್ಲ. ನಿಮ್ಮ ಗಾಡಿಯ ಹಿಂದಿನ ಚಕ್ರ ತೋರಿಸಬೇಕು! ಕೊಟ್ಟೂರಿನಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟಿರುವ ಈ ಮಹರಾಯ ಎದುರಿಗೆ ಬಂದವರನ್ನು ಊಟ ಆಯಿತೇ ಎಂದು ಕೇಳಿದ್ದನ್ನು ನಾನಂತೂ ಕಂಡಿಲ್ಲ. ಕೇಳುವುದು ಒಂದೇ: "ಯಾವಾಗ ಬಿಚ್ಚಿಸಿದ್ದಿ?"

ಬ್ರೇಕಿನ ಡ್ರಮ್ಮನ್ನು ಬಿಚ್ಚಿಸಿ ನೋಡಿದ್ದು ಯಾವಾಗ ಎಂದು ಅದರ ಅರ್ಥ. ಗೊತ್ತಿಲ್ಲದವರ ಪಾಡೇನು? ನನ್ನನ್ನು ನೋಡಲು ಹಡಗಲಿಯಿಂದ ಗಂಡಿನವರು ಬಂದಾಗ, ಬೀಗರಾಗಬೇಕಿದ್ದ ಹಿರಿಯರಿಗೂ ಅದೇ ಪ್ರಶ್ನೆ: "ಯಾವಾಗ ಬಿಚ್ಚಿಸಿದ್ರಿ?" ಅವರು ಗಾಬರಿಯಾಗಿ ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡರು! ಆ ಸಂಬಂಧ ಅಲ್ಲಿಗೇ ನಿಂತಿತು.

ಒಮ್ಮೆ ಅರಸೀಕೆರೆಗೆ ಮಣ್ಣಿಗೆ ಹೋಗಿದ್ದೆವು. ಹೆಣದ ಸುತ್ತ ಎಲ್ಲರೂ ಅಳುತ್ತಿದ್ದರೆ, ಮಾವ ಅಂಗಳದಲ್ಲಿ ಸತ್ತವನ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು, "ನಟ್ಟು ಕಡೀತನ ಬಂದೈತಿ ನೋಡ್ರಿ. ಬಿಚ್ಚಿಸೇ ಇಲ್ಲ ಇದನ್ನ!" ಎಂದು ತಲೆ ಅಲ್ಲಾಡಿಸಿದ. ಆ ಪುಣ್ಯಾತ್ಮ ಹೋದದ್ದು ಕಾಮಾಲೆಯಿಂದ! ಅವನ ಮಕ್ಕಳು ನಮ್ಮನ್ನು ಹೊಡೆಯದೆ ಬಿಟ್ಟದ್ದೇ ದೊಡ್ಡದು.

ನಗುತ್ತಿದ್ದೀರಾ? ನಮ್ಮ ಮನೆಯಲ್ಲಿ ಇದಕ್ಕೆ ಯಾರೂ ನಗುವುದಿಲ್ಲ. ಡ್ರಮ್ಮಿನೊಳಗೆ ಅರ್ಧಚಂದ್ರದಂಥ ಎರಡು ಶೂ ಇರುತ್ತವೆ. ಪೆಡಲು ತುಳಿದರೆ ಅವು ಅಗಲವಾಗಿ, ತಿರುಗುವ ಡ್ರಮ್ಮನ್ನು ಒಳಗಿನಿಂದ ಒತ್ತಿ ನಿಲ್ಲಿಸುತ್ತವೆ. ಶೂಗೆ ಅಂಟಿಸಿದ ಲೈನರ್ ತುಳಿದಾಗಲೆಲ್ಲ ಇಷ್ಟಿಷ್ಟೇ ಸವೆಯುತ್ತದೆ, ಪೆಡಲು ಸಡಿಲಾಗುತ್ತದೆ. ಆಗ ನಮ್ಮ ಕಡೆಯವರು ಏನು ಮಾಡುತ್ತಾರೆ? ಹೊರಗಿನ ನಟ್ಟನ್ನು ನಾಲ್ಕು ಸುತ್ತು ಬಿಗಿಯುತ್ತಾರೆ. ಪೆಡಲು ಮತ್ತೆ ಗಟ್ಟಿ! ಒಳಗೆ ಲೈನರ್ ಮುಗಿದದ್ದು ಯಾರಿಗೆ ಕಾಣಬೇಕು?

ಹನ್ನೊಂದು ವರ್ಷದ ಹಿಂದೆ ಹರಪನಹಳ್ಳಿಗೆ ಹೊರಟಿದ್ದ ನನ್ನ ಅಪ್ಪ ಮಾವನ ಅಂಗಡಿ ಮುಂದೆ ಬೈಕ್ ನಿಲ್ಲಿಸಿ, ಇಳಿಯದೆಯೇ, "ಬ್ರೇಕ್ ಸಡ್ಲಾಗೇತಿ ಭಾವಾ, ಟೈಟ್ ಮಾಡು, ಲಗೂನ" ಎಂದಿದ್ದ. ಮಾವ ಟೈಟ್ ಮಾಡಿದ. ಬಿಚ್ಚಲಿಲ್ಲ. ಇಳಿಜಾರಿನಲ್ಲಿ ಲಾರಿ ಎದುರಾದಾಗ ಅಪ್ಪನ ಬೈಕ್ ನಿಲ್ಲಲಿಲ್ಲ.

ಅಂದಿನಿಂದ ಅವ್ವ ತನ್ನ ಅಣ್ಣನ ಜೊತೆ ಮಾತು ಬಿಟ್ಟಳು. ಗಂಡಿನವರು ಬಂದ ದಿನವೂ ಸೋದರಮಾವ ಇರಬೇಕಲ್ಲ ಎಂದು ನನ್ನ ಕೈಲೇ ಹೇಳಿ ಕಳಿಸಿದ್ದಳು. ಅವ್ವ ಉಜ್ಜಿನಿಯ ಶಾಲೆಯಲ್ಲಿ ಟೀಚರ್. ದಿನವೂ ಅವನ ಅಂಗಡಿ ಮುಂದೆಯೇ ಸ್ಕೂಟರಿನಲ್ಲಿ ಹಾದುಹೋಗುತ್ತಾಳೆ. ಮಾವ ಕಿವಿಗೊಟ್ಟು ನಿಂತಿರುತ್ತಾನೆ. ಆಮೇಲೆ ನನಗೆ ಫೋನು.

"ಹಿಂದಿನ ಡ್ರಮ್ಮು ಕೀಚ್ ಅಂತೈತಿ, ನಿಮ್ಮವ್ವಗ ಹೇಳು."

"ಅನ್ನಲಿ ಬಿಡು" ಎನ್ನುತ್ತಾಳೆ ಅವ್ವ. ರಿಪೇರಿಗೆ ಕೂಡ್ಲಿಗಿವರೆಗೂ ಹೋಗುತ್ತಾಳೆ, ಅಣ್ಣನ ಅಂಗಡಿಗೆ ಮಾತ್ರ ಇಲ್ಲ!

ಡ್ರಮ್ಮು ಬಿಚ್ಚಿದಾಗ ಒಳಗೆ ಸವೆದ ಲೈನರಿನ ಕರಿ ಪುಡಿ ತುಂಬಿರುತ್ತದೆ. ಇಷ್ಟು ವರ್ಷವೂ ಮಾವ ಅದನ್ನು ಬಾಯಿಂದಲೇ ಊದಿ ತೆಗೆದ. ಈಗ ಆ ಪುಡಿ ಅವನ ಎದೆಯಲ್ಲಿ ಕೂತಿದೆ. ದಾವಣಗೆರೆಯ ಡಾಕ್ಟರು ಎಕ್ಸ್‌ರೇ ನೋಡಿ, ಶ್ವಾಸಕೋಶ ಬಹಳ ಹಾಳಾಗಿದೆ ಎಂದರು. ಮಾವ ಕೇಳಿದ: "ಟೈಟ್ ಮಾಡಾಕ ಬರಂಗಿಲ್ಲೇನ್ರಿ ಸರ?" ಡಾಕ್ಟರು ನಕ್ಕರು. ನನಗೆ ಅಳು ಬಂತು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಮರುದಿನ ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟವಳು ಮಾವನ ಅಂಗಡಿ ಮುಂದೆ ಸ್ಕೂಟರ್ ನಿಲ್ಲಿಸಿದಳು. ಮಾವ ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದು ಎದ್ದು ನಿಂತ. ಸ್ಕೂಟರಿನ ಹಿಂದಿನ ಚಕ್ರವನ್ನೇ ನೋಡಿದ.

"ಊರಿಗೆಲ್ಲ ಕೇಳ್ತಿ. ನನ್ನ ಕೇಳಂಗಿಲ್ಲೇನು ಯಣ್ಣಾ?"

ಕೆಮ್ಮು ತಡೆದುಕೊಂಡು ಮಾವ ಕೇಳಿದ: "ಯಾವಾಗ... ಬಿಚ್ಚಿಸಿದ್ದಿ ತಂಗೀ?"

"ಹನ್ನೊಂದು ವರ್ಷಾತು."

ಮಾವ ಕಣ್ಣೊರೆಸಿಕೊಂಡು ಚಕ್ರದ ಮುಂದೆ ಕೂತ. ಡ್ರಮ್ಮು ಬಿಚ್ಚಿ, ರೂಢಿಯಂತೆ ಊದಲು ಬಗ್ಗಿದ. ಅವ್ವ ಅವನ ಬಾಯಿಗೆ ಕೈ ಅಡ್ಡ ಹಿಡಿದಳು.