ಅತ್ತೆಯ ಎಂ.ಟೆಕ್ಕು, ಮಾಮಾನ ಚಹಾ

ನಮ್ಮ ಅತ್ತೆಯ ಮನೆಯಲ್ಲಿ ಉಪ್ಪಿಟ್ಟು ಮಾಡುವುದಿಲ್ಲ, ಕಾರ್ಯಗತಗೊಳಿಸುತ್ತಾರೆ! ನಗಬೇಡಿ. ಚೆಂಬೂರಿನ ಆ ಅಡುಗೆಮನೆಗೆ ಒಮ್ಮೆ ಹೋಗಿ ನೋಡಿ. ದೇವರ ಕ್ಯಾಲೆಂಡರ್ ಇರಬೇಕಾದ ಮೊಳೆಗೆ ಒಂದು ದೊಡ್ಡ ಚಾರ್ಟ್ ನೇತಾಡುತ್ತಿರುತ್ತದೆ. ಅದರ ತುಂಬ ಬಣ್ಣಬಣ್ಣದ ಪಟ್ಟಿಗಳು. ರವೆ ಹುರಿಯುವುದು ಹಳದಿ, ಉಳ್ಳಾಗಡ್ಡಿ ಹೆಚ್ಚುವುದು ಕೆಂಪು, ನೀರು ಕುದಿಯುವುದು ನೀಲಿ. ಯಾವ ಪಟ್ಟಿ ಎಲ್ಲಿ ಮುಗಿದು ಯಾವುದು ಎಲ್ಲಿ ಶುರುವಾಗಬೇಕೆಂದು ತಿಳಿಯದವರು ಅಲ್ಲಿ ಸೌಟು ಮುಟ್ಟುವ ಹಾಗಿಲ್ಲ.

ಅತ್ತೆ ಅಂದರೆ ನಮ್ಮಪ್ಪನ ತಂಗಿ. ಧಾರವಾಡದ ಕಡೆ ಸಿವಿಲ್ ಇಂಜಿನಿಯರಿಂಗ್ ಓದಿ, ಮದುವೆಯಾಗಿ ಮುಂಬಯಿಗೆ ಬಂದವಳು. ಮಗನಿಗೆ ನೌಕರಿ ಸಿಕ್ಕಿ, ತನ್ನ ಕೂದಲು ಅರ್ಧ ಬೆಳ್ಳಗಾದ ಮೇಲೆ ಒಂದು ದಿನ ಕಾಲೇಜಿಗೆ ಹೋಗಿ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟಿನ ಎಂ.ಟೆಕ್ಕಿಗೆ ಹೆಸರು ಹಚ್ಚಿ ಬಂದಳು. ಯಾಕಂತೀರಿ? ಅವಳು ಕೆಲಸ ಮಾಡುವ ಬಿಲ್ಡರ್ ಆಫೀಸಿನಲ್ಲಿ ಮೇಜಿನ ಮುಂದೆ ಕೂತು ಯೋಜನೆ ಹಾಕುವವಳು ಇವಳು, ಸೈಟಿನಲ್ಲಿ ನಿಂತು ಕಟ್ಟಿಸುವವರು ಇನ್ಯಾರೋ. ನಿವೃತ್ತಿಗೆ ಮುಂಚೆ ಒಂದೇ ಒಂದು ಬಿಲ್ಡಿಂಗನ್ನಾದರೂ ಪಾಯದಿಂದ ಗಚ್ಚಿಯವರೆಗೆ ತಾನೇ ನಿಂತು ಕಟ್ಟಿಸಬೇಕೆಂದು ಅವಳ ಹಟ. ಕೇಳಿ ಕೇಳಿ ಸಾಕಾದ ಸಾಹೇಬರು, "ಸೈಟ್ ಚಾಹಿಯೇ ತೋ ಪೆಹಲೇ ಮಾಸ್ಟರ್ಸ್ ಕರೋ, ಮೇಡಮ್" ಎಂದು ಎಂ.ಟೆಕ್ಕಿನ ಷರತ್ತು ಹಾಕಿಬಿಟ್ಟರು. ಅಲ್ಲಿಗೆ ಮಾತು ಮುಗಿಯಿತು ಎಂದುಕೊಂಡಿದ್ದರು, ಪಾಪ!

ಮೊದಲ ದಿನದ ಕತೆ ಕೇಳಿ. ಕಾಟನ್ ಸೀರೆ ಉಟ್ಟು, ಕನ್ನಡಕ ಏರಿಸಿಕೊಂಡು ಅತ್ತೆ ಕ್ಲಾಸಿನೊಳಗೆ ಕಾಲಿಟ್ಟದ್ದೇ ತಡ, ಮಕ್ಕಳೆಲ್ಲ ಎದ್ದು ನಿಂತು, "ಗುಡ್ ಈವ್ನಿಂಗ್ ಮ್ಯಾಮ್!" ಅಂದವು. ಬೇರೆ ಯಾರಾದರೂ ಆಗಿದ್ದರೆ ನಾಚಿಕೊಂಡು ಹಿಂದಿನ ಬೆಂಚಿಗೆ ಓಡುತ್ತಿದ್ದರು. ಇವಳು "ಬೈಠೋ, ಬೈಠೋ" ಎಂದು ಎಲ್ಲರ ಹೆಸರು, ಊರು, ಬರುವಾಗ ಏನಾದರೂ ತಿಂದು ಬಂದಿದ್ದಾರೋ ಇಲ್ಲವೋ ಎಂಬುದನ್ನೆಲ್ಲ ವಿಚಾರಿಸಿಕೊಂಡಳು. ಅಷ್ಟರಲ್ಲಿ ಜೀನ್ಸ್ ತೊಟ್ಟ ತರುಣನೊಬ್ಬ ಅವಸರದಿಂದ ಒಳಗೆ ಬಂದ. "ಪೆಹಲೇ ದಿನ ಹೀ ಲೇಟ್? ಪೀಛೇ ಬೈಠೋ!" ಎಂದು ಹಿಂದಿನ ಬೆಂಚು ತೋರಿಸಿದಳು. ಅವನು ಹೋಗಿ ಕೂತೂಬಿಟ್ಟ! ಅವನೇ ಪ್ರೊಫೆಸರ್ ಎಂದು ತಿಳಿದದ್ದು ಅವನ ಕೈಯಲ್ಲಿ ಹಾಜರಿ ಪುಸ್ತಕ ಕಂಡ ಮೇಲೆ.

"ಅಯ್ಯೋ, ಆಮ್ಯಾಲೆ ಏನ್ ಮಾಡ್ದಿ ಅತ್ಯಾ?" ಎಂದು ಕೇಳಿದೆ.

"ಏನ್ ಮಾಡೂದು? ಮುಂದ ಬಂದು ಪಾಠ ಹೇಳಪಾ ಅಂದೆ. ಛಲೋ ಹೇಳ್ತಾನ ಹುಡುಗ."

ಕಷ್ಟಕ್ಕೆ ಬಿದ್ದವರು ಅತ್ತೆಯ ಗಂಡ, ನಮ್ಮ ಮಾಮಾ. ಬ್ಯಾಂಕಿನಿಂದ ನಿವೃತ್ತರಾಗಿ, ಇನ್ನು ಬಾಲ್ಕನಿಯಲ್ಲಿ ಪೇಪರ್ ಓದುತ್ತ ಹೊತ್ತಿಗೆ ಸರಿಯಾಗಿ ಚಹಾ ಕುಡಿಯುವುದೇ ಜೀವನ ಎಂದುಕೊಂಡಿದ್ದವರು. ಅತ್ತೆ ಕಾಲೇಜಿನಿಂದ 'ಫ್ಲೋಟ್' ಎಂಬ ಹೊಸ ಶಬ್ದ ಕಲಿತು ಬಂದಳು ನೋಡಿ! ಒಂದು ಕೆಲಸ ಸ್ವಲ್ಪ ಹಿಂದೆ ಬಿದ್ದರೂ ಇಡೀ ಕಟ್ಟಡ ತಡವಾಗದಿದ್ದರೆ, ಆ ಕೆಲಸಕ್ಕಿರುವ ಸಡಿಲಿಗೆ ಹಾಗೆನ್ನುತ್ತಾರಂತೆ.

"ಚಹಾ ಎಲ್ಲದ?" ಮಾಮಾ ಬಾಲ್ಕನಿಯಿಂದ ಕೂಗಿದರು.

"ಚಹಾಕ್ಕ ಭಾಳ ಫ್ಲೋಟ್ ಅದರಿ. ತಡಾ ಆದ್ರ ಏನೂ ನಿಲ್ಲೂದಿಲ್ಲ."

"ನಾ ನಿಂತೀನಲ್ಲ ಇಲ್ಲೆ!"

"ನಿಂದರ್ರಿ. ನೀವು ನಿಂತ್ರ ಯಾವ ಕೆಲಸಾನೂ ನಿಲ್ಲೂದಿಲ್ಲ."

ಕೊನೆಗೆ ಮಾಮಾ ತಾವೇ ಚಹಾ ಮಾಡಲು ಕಲಿತರು. ಚಾರ್ಟಿನಲ್ಲಿ ಅವರ ಹೆಸರಿಗೊಂದು ಹಸಿರು ಪಟ್ಟಿ ಬಂತು. ಅದರ ಸಂಭ್ರಮದಲ್ಲಿ ಹೆಂಡತಿಗೂ ಒಂದು ಕಪ್ ಕೊಟ್ಟರೆ, ಅವಳು ಒಂದು ಗುಟುಕು ಕುಡಿದು, ಶುಂಠಿ ಸಾಲದೆಂದು 'ರೀವರ್ಕ್'ಗೆ ವಾಪಸು ಕಳಿಸಿದಳು!

ನಡುವೆ ಮಗನ ಮದುವೆ ಬಂತು. ಬೀಗರು ಬೊರಿವಲಿಯವರು, ಸಾಧು ಜನ. ಅವರ ಮನೆಗೂ ಒಂದು ಚಾರ್ಟ್ ಹೋಯಿತು. ಹೆಣ್ಣು ಒಪ್ಪಿಸುವ ಶಾಸ್ತ್ರಕ್ಕೆ ಅದರಲ್ಲಿ 'ಹ್ಯಾಂಡೋವರ್' ಎಂಬ ಹೆಸರು! ಅದರ ಪಕ್ಕದಲ್ಲೇ ತೆಳುವಾದ ಬೂದು ಪಟ್ಟಿ: ಹುಡುಗಿಯ ತಾಯಿ ಅಳುವುದು. ಆದರೆ ತಾಯಿಯ ಕರುಳು ಚಾರ್ಟ್ ಓದುತ್ತದೆಯೇ? ಅಕ್ಷತೆ ಬೀಳುತ್ತಿದ್ದಂತೆಯೇ ಬೀಗತಿ ಬಿಕ್ಕಲು ಶುರು ಮಾಡಿದರು. ಅತ್ತೆ ಓಡಿಹೋಗಿ ಕಿವಿಯಲ್ಲಿ, "ಬೀಗತೇರ, ಈಗಲ್ಲರಿ, ಊಟಾ ಆದಮ್ಯಾಲೆ" ಎಂದಳು. ಬೀಗತಿಗೆ ಎಂಥ ನಗು ಬಂತೆಂದರೆ, ಮುಂದೆ ನಿಜವಾಗಿ ಮಗಳನ್ನು ಒಪ್ಪಿಸುವಾಗಲೂ ಸೆರಗು ಬಾಯಿಗೆ ಹಿಡಿದು ನಗುತ್ತಲೇ ಇದ್ದರು. ಅಳುವ ಕೆಲಸ ಮಾತ್ರ ಬಾಕಿ ಉಳಿಯಿತೆಂದು ಅತ್ತೆ ಇವತ್ತಿಗೂ ಪೇಚಾಡುತ್ತಾಳೆ.

ಹೀಗೇ ನಗಾಡುತ್ತಿರುವಾಗ ಎಂ.ಟೆಕ್ಕಿನ ಕೊನೆಯ ಮೌಖಿಕ ಪರೀಕ್ಷೆ, ವೈವಾ, ಬಂತು. ಪಾಸಾದರೆ ಮಲಾಡಿನ ಹೊಸ ಸೈಟು ನಿಮ್ಮದೇ ಎಂದು ಸಾಹೇಬರು ಮಾತು ಕೊಟ್ಟಿದ್ದರು. ಫೇಲಾದರೆ ಅದು ಬೇರೆಯವರ ಪಾಲು, ಇನ್ನೊಂದು ಸೈಟಿಗೆ ಕಾಯುವಷ್ಟು ಸರ್ವಿಸ್ ಅವಳಿಗೆ ಉಳಿದಿರಲಿಲ್ಲ. ಮನೆಯವರೂ ಬಂದು ಕೂರಬಹುದು ಎಂದು ಕಾಲೇಜಿನವರು ಹೇಳಿದ್ದಕ್ಕೆ ನಾನೂ ಮಾಮಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆವು. ಮಾಮಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸುಮ್ಮಸುಮ್ಮನೆ ಬೆವರುತ್ತಿದ್ದರು.

ಅತ್ತೆಯ ಪ್ರಬಂಧದ ವಿಷಯ, ಕಟ್ಟಡಗಳ ಕೆಲಸ ಯಾಕೆ ತಡವಾಗುತ್ತದೆ ಎಂಬುದು. ಮಾಲೀಕನ ತಪ್ಪಿನಿಂದ ತಡವಾದರೆ ಕಂತ್ರಾಟದಾರ ನಷ್ಟ ತುಂಬಿಕೊಡು ಎಂದು ಅವನ ಮೇಲೆ ಕ್ಲೇಮ್ ಹಾಕುತ್ತಾನೆ. ಯಾರ ತಪ್ಪೂ ಅಲ್ಲದಿದ್ದರೆ ಹೆಚ್ಚಿನ ಸಮಯವನ್ನಷ್ಟೇ ಕೇಳುತ್ತಾನೆ. ಇದನ್ನೆಲ್ಲ ಅವಳು ಅಳುಕದೆ ಹೇಳಿದಳು. ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು, ಬಿಗಿ ಮುಖದವರು. ಎಲ್ಲ ಕೇಳಿ, ಕೊನೆಗೆ ಕನ್ನಡಕ ತೆಗೆದು, "ಎಲ್ಲರೂ ಇಂಜಿನಿಯರಿಂಗ್ ಮುಗಿದ ಕೂಡಲೇ ಮಾಸ್ಟರ್ಸ್ ಮಾಡುತ್ತಾರೆ. ನೀವೇಕೆ ಇಷ್ಟು ತಡ ಮಾಡಿದಿರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಹುಡುಗರೆಲ್ಲ ನಕ್ಕರು. ಮಾಮಾ ನಗಲಿಲ್ಲ. ಇಂಜಿನಿಯರಿಂಗ್ ಮುಗಿದಾಗಲೇ ಅತ್ತೆಗೆ ಎಂ.ಟೆಕ್ ಸೀಟು ಸಿಕ್ಕಿತ್ತು. ಹೊಸದಾಗಿ ಮದುವೆಯಾಗಿದ್ದ ಮಾಮಾ, "ಮುಂದಿನ ವರ್ಷ ಓದೀಯಂತ" ಎಂದಿದ್ದರು. ಮುಂದಿನ ವರ್ಷ ಅವರ ತಾಯಿ ಹಾಸಿಗೆ ಹಿಡಿದರು. ಆಮೇಲೆ ಮಗ ಹುಟ್ಟಿದ, ಆಮೇಲೆ ಮಾಮಾಗೆ ವರ್ಗವಾಯಿತು. ಆ ಮುಂದಿನ ವರ್ಷ ಬರಲೇ ಇಲ್ಲ. ಈಗ ಮಾಮಾ ತಲೆ ತಗ್ಗಿಸಿ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಅತ್ತೆ ನಮ್ಮ ಕಡೆ ಒಮ್ಮೆ ನೋಡಿದಳು. ಆಮೇಲೆ ಇಂಗ್ಲಿಷಿನಲ್ಲೇ, ನಿಧಾನವಾಗಿ, "ಈ ತಡಕ್ಕೆ ನಾನು ಯಾರ ಮೇಲೂ ಕ್ಲೇಮ್ ಹಾಕಿಲ್ಲ, ಸರ್. ಸಮಯವಷ್ಟೇ ಹೆಚ್ಚು ಬೇಕಾಗಿತ್ತು, ತೆಗೆದುಕೊಂಡೆ" ಎಂದಳು.

ಪರೀಕ್ಷಕರು ಎದ್ದು ಬಂದು ಅವಳ ಕೈ ಕುಲುಕಿ, "ಪಾಸ್, ಮೇಡಮ್" ಎಂದರು. ಹುಡುಗರು ಸೀಟಿ ಹೊಡೆದರು, ಅವಳ ಪ್ರೊಫೆಸರ್ ಕೂಡ! ಮಾಮಾ ಮಾತ್ರ ಕೂತಲ್ಲಿಂದ ಏಳಲಿಲ್ಲ. ನನ್ನ ಕಡೆ ಬಾಗಿ, ನನಗಷ್ಟೇ ಕೇಳುವ ಹಾಗೆ ಹೇಳಿದರು:

"ಹಾಕಬೇಕಿತ್ತು ಆಕಿ ಕ್ಲೇಮು. ನಾ ಒಪ್ಕೋತಿದ್ದೆ."