ಎರಡು ತೂತಿನ ಡಬ್ಬಿ

ಬೇಸ್ ಗಿಟಾರ್ ಅಂದರೆ ಅಡಿಗೆಯಲ್ಲಿ ಉಪ್ಪು ಇದ್ದಂತೆ, ಇದ್ದಾಗ ಗೊತ್ತಾಗುವುದಿಲ್ಲ, ಇಲ್ಲದಾಗ ಗೊತ್ತಾಗುತ್ತದೆ ಎಂದು ತಿಳಿದವರು ಹೇಳುತ್ತಾರೆ. ಹೇಳುವವರಿಗೇನು, ಹೇಳುತ್ತಾರೆ. ಅವರಲ್ಲಿ ಒಬ್ಬರೂ ಆ ಭಾರದ ಗಿಟಾರು ಹೆಗಲಿಗೆ ಹಾಕಿಕೊಂಡು ಸಿಂಧನೂರಿನ ಕಲ್ಯಾಣ ಮಂಟಪದಲ್ಲಿ ನಿಂತವರಲ್ಲ. ನಾನು ನಿಂತಿದ್ದೇನೆ. ಒಮ್ಮೆ ಜ್ವರ ಬಂದು ಮಲಗಿದಾಗ ನಮ್ಮ ಆರ್ಕೆಸ್ಟ್ರಾ ನನ್ನನ್ನು ಬಿಟ್ಟು ಒಂದು ಮದುವೆ ಮುಗಿಸಿ ಬಂತು. ಮರುದಿನ ಬಹಳ ಆಸೆಯಿಂದ, ನಿನ್ನೆ ಏನಾದರೂ ಕಡಿಮೆ ಬಿದ್ದಂತೆ ಅನ್ನಿಸಿತೇ ಎಂದು ಕೇಳಿದೆ. ಬದನೆಕಾಯಿ ಪಲ್ಯ ಕಡಿಮೆ ಬಿತ್ತು ಎಂದರು.

ಮಸ್ಕಿಯಲ್ಲಿ ನಮ್ಮದು ಬೀಜ-ಗೊಬ್ಬರದ ಅಂಗಡಿ. ಅಪ್ಪ ಹಾಕಿದ್ದು, ನಾನು ಕೂತದ್ದು. ಮದುವೆಯ ಹಂಗಾಮು ಬಂತೆಂದರೆ ಅಂಗಡಿಯನ್ನು ಹೆಂಡತಿ ಗಿರಿಜಾಳಿಗೆ ಒಪ್ಪಿಸಿ ಸಿಂಧನೂರಿನ ಖಾಜಾಸಾಬರ ಆರ್ಕೆಸ್ಟ್ರಾದ ಜೊತೆ ಹೊರಡುತ್ತೇನೆ. ಬೇಸ್ ನಾನಾಗಿ ಆರಿಸಿಕೊಂಡದ್ದೇನಲ್ಲ. ಕಾಲೇಜಿನಲ್ಲಿ ಗೆಳೆಯರೆಲ್ಲ ಸೇರಿ ತಂಡ ಕಟ್ಟಿದಾಗ ಒಬ್ಬ ಹಾಡಲು ನಿಂತ, ಒಬ್ಬ ಡ್ರಮ್ಮಿನ ಹಿಂದೆ ಕೂತ, ಒಬ್ಬ ತೆಳು ತಂತಿಯ ಗಿಟಾರು ಕಸಿದುಕೊಂಡ. ಉಳಿದದ್ದು ನಾಲ್ಕು ದಪ್ಪ ತಂತಿಯ ಇದು, ಉಳಿದವನು ನಾನು. ಹಾಡಿನ ಬುಡದಲ್ಲಿ ದುಂ ದುಂ ಅನ್ನುತ್ತಾ ಇರುವುದೇ ಇದರ ಕೆಲಸ. ಮಠದ ಭಜನೆಯಲ್ಲಿ ಏಕತಾರಿ ಹಿಡಿದು ಹಾಡುತ್ತಿದ್ದ ನಮ್ಮಪ್ಪ ಇದನ್ನು ತಿರುಗಿಸಿ ಮುರುಗಿಸಿ ನೋಡಿ, ಹಿಂದಿನವರು ಒಂದೇ ತಂತಿಯಲ್ಲಿ ಶಿವನನ್ನು ಮುಟ್ಟಿದರು, ನಿನ್ನದು ನಾಲ್ಕಿದ್ದರೂ ಎದುರಿಗೆ ಕೂತ ನನಗೇ ಮುಟ್ಟುವುದಿಲ್ಲವಲ್ಲೋ ಎಂದಿದ್ದರು. ಅಪ್ಪ ಹೋಗಿ ಬಹಳ ವರ್ಷವಾಯಿತು. ಮಾತು ಮಾತ್ರ ಹೋಗಲಿಲ್ಲ.

ಅಪ್ಪನ ಮಾತಾದರೂ ಮನೆಯೊಳಗಿನದು. ಪಾಮನಕಲ್ಲೂರಿನ ನನ್ನ ಮಾವನವರು ಅದನ್ನು ಬೀದಿಗೆ ತಂದರು. ಅವರ ತಮ್ಮನ ಮಗಳ ಮದುವೆಗೆ ನಮ್ಮದೇ ಆರ್ಕೆಸ್ಟ್ರಾ. ಮಾವ ಮೊದಲ ಸಾಲಿನಲ್ಲಿ ಕೂತು, ರುಮಾಲು ಸರಿ ಮಾಡಿಕೊಂಡು, ಕಡೆಯ ಹಾಡಿನ ತನಕ ನನ್ನನ್ನೇ ನೋಡಿದರು. ನಾನೂ ಹಿಗ್ಗಿ ಬೆವರು ಸುರಿಸಿ ಬಾರಿಸಿದೆ. ಊಟದ ಪಂಕ್ತಿಯಲ್ಲಿ ಬೀಗರೆಲ್ಲರ ಎದುರು ಹೇಳಿದರು: "ಎಲ್ಲಾರೂ ಏನರ ಬಾರಸಾಕತ್ತಿದ್ರು. ನಮ್ಮ ಅಳಿಯಾರು ಮಾತ್ರ ಪಾಪ ಸುಮ್ಮನ ನಿಂತಿದ್ರು. ಅವರಿಗೂ ಏನರ ಒಂದು ಕೆಲಸ ಕೊಡಬೇಕಿತ್ತು."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಗಿರಿಜಾ ನಗಲಿಲ್ಲ, ತಲೆ ತಗ್ಗಿಸಿದಳು. ನಕ್ಕಿದ್ದರೇ ಚೆನ್ನಾಗಿತ್ತು. ಅಂದು ಎಲೆಯ ಮೇಲಿದ್ದ ಹೋಳಿಗೆ ನನಗೆ ಇಳಿಯಲಿಲ್ಲ. ಈ ಮಾವನ ಕಿವಿಗೆ ಒಂದು ಸಲವಾದರೂ ನನ್ನ ಗಿಟಾರು ಬೀಳಬೇಕು, ಆ ಮೇಲೆ ಬೇಕಾದರೆ ತಂತಿ ಕಿತ್ತು ಬಟ್ಟೆ ಒಣಹಾಕುತ್ತೇನೆ ಎಂದು ಮನಸ್ಸಿನಲ್ಲೇ ಹಟ ಹಿಡಿದೆ.

ತಪ್ಪು ಮಾವನದೂ ಅಲ್ಲ. ಆರ್ಕೆಸ್ಟ್ರಾದ ದನಿಯೆಲ್ಲ ಖಾಜಾಸಾಬರ ಮಿಕ್ಸರಿನಿಂದ ಹಾದು ಸ್ಪೀಕರಿಗೆ ಹೋಗಬೇಕು. ಮಿಕ್ಸರಿನ ಪಕ್ಕ ನಿಂತು ಹಾಡುವವರೂ ಅವರೇ. ಅವರ ದನಿ ಸ್ವಲ್ಪ ಕಟ್ಟಿತು ಎಂದರೆ ಮೊದಲು ತಗ್ಗುವುದು ನನ್ನ ದನಿಯ ಗುಂಡಿ. ತಗ್ಗಿದ್ದು ಮೇಲೇಳುವುದನ್ನು ನಾನಂತೂ ಕಂಡಿಲ್ಲ. ಮೇಲಾಗಿ ಕೀಬೋರ್ಡಿನ ಮೌನೇಶ ಬೇರೆ ಎಡಗೈಯಲ್ಲಿ ದುಂ ದುಂ ಬಾರಿಸುವುದನ್ನು ಕಲಿತಿದ್ದ. ಮನುಷ್ಯ ಕೆಟ್ಟವನಲ್ಲ, ನನಗೆ ಅಣ್ಣಾ ಅಂತಲೇ ಅನ್ನುತ್ತಾನೆ, ಎಡಗೈ ಮಾತ್ರ ಕೆಟ್ಟದ್ದು. ಒಂದು ದಿನ ಖಾಜಾಸಾಬರು ಚಹಾ ಕುಡಿಯುತ್ತಾ, ಈ ಹುಡುಗನ ಒಂದು ಕೈಯೊಳಗೇ ನಿಮ್ಮ ಕೆಲಸ ಆಗ್ತೈತಿ ನೋಡ್ರಿ ಅಮರೇಶಣ್ಣ ಎಂದು ನಕ್ಕರು. ನಾನೂ ನಕ್ಕೆ. ಇಂಥ ಮಾತಿಗೆ ನಗದೆ ಇರುವವರನ್ನು ಆರ್ಕೆಸ್ಟ್ರಾದಲ್ಲಿ ಬಹಳ ದಿನ ಇಟ್ಟುಕೊಳ್ಳುವುದಿಲ್ಲ.

ಹೀಗಾಗಿ, ಯಾರ ಗುಂಡಿಯ ಹಂಗೂ ಇಲ್ಲದ ನನ್ನದೇ ಒಂದು ಆಂಪ್ಲಿಫೈಯರ್ ಬೇಕು ಎಂದು ಗಿರಿಜಾಳನ್ನು ಕರೆದುಕೊಂಡು ಲಿಂಗಸುಗೂರಿನ ಅಂಗಡಿಗೆ ಹೋದೆ. ಅಂಗಡಿಯವನು ಪ್ರತಿ ಡಬ್ಬಿಗೂ ತನ್ನ ಮೊಬೈಲು ಜೋಡಿಸಿ ಡಿಜೆ ಹಾಡು ಹಚ್ಚಿ, ಮೇಲೊಂದು ಸ್ಟೀಲಿನ ಗ್ಲಾಸು ಇಟ್ಟ. ಗ್ಲಾಸು ನಡೆದು ಅಂಚಿಗೆ ಬಂದರೆ ಮಾಲು ಜಬರ್ದಸ್ತ್. ಅವನ ಪರೀಕ್ಷೆ ಅಷ್ಟೇ. ನಾನು ತಂದಿದ್ದ ಗಿಟಾರನ್ನು ಜೋಡಿಸಿ ಅಂದರೆ, ಅದ್ಯಾಕ್ರಿ, ಹಾಡೇ ಕೇಳಿಸಾಕತ್ತೈತಲ್ಲ ಎಂದ.

ಕಡೆಗೆ ಹಟ ಮಾಡಿ ಗಿಟಾರು ಜೋಡಿಸಿ ನೋಡಿದ ಮೇಲೆ ಎರಡು ಡಬ್ಬಿ ಉಳಿದವು. ಒಂದು ಸಣ್ಣದು, ಒಂದೇ ತೂತಿನದು. ಗಿಟಾರಿನ ಪಿನ್ನು ಅದರೊಳಗೆ ಹೋಗಬೇಕು, ಬೇರೆ ಯಾವುದಕ್ಕೂ ಜಾಗವಿಲ್ಲ. ತಂತಿ ಮುಟ್ಟಿದರೆ ಬಾವಿಯ ತಳದಿಂದ ಎದ್ದು ಬಂದಂಥ ದುಂಡನೆಯ ದನಿ. ನನ್ನ ಕೈಯಿಂದ ಇಂಥ ದನಿಯೂ ಬರುತ್ತದೆಯೇ ಎಂದು ಬೆರಗಾಗಿ ಬೆರಳು ನೋಡಿಕೊಂಡೆ. ಇನ್ನೊಂದು ದೊಡ್ಡದು, ಎರಡು ತೂತಿನದು. ದನಿ ಜೋರು, ಆದರೆ ಸ್ವಲ್ಪ ಕೆಸರು. ಮನಸ್ಸು ಸಣ್ಣದರ ಮೇಲೆ ಕೂತಿತ್ತು. ಗಿರಿಜಾ ಮಾತ್ರ ಎರಡನೆಯ ತೂತನ್ನೇ ನೋಡುತ್ತಿದ್ದಳು.

"ಒಂದ ತೂತಿಂದು ತಗೊಂಡು ಏನ್ ಮಾಡ್ತೀರಿ? ಇದಾದ್ರ ಶ್ರಾವಣದಾಗ ಮಠದ ಪುರಾಣಕ್ಕ ಮೈಕರ ಹಚ್ಚಾಕ ಬರತೈತಿ."

ಅವಳನ್ನು ಬೈದು ಫಾಯ್ದೆ ಇಲ್ಲ, ಇದು ನಮ್ಮ ಸೀಮೆಯ ರಕ್ತದಲ್ಲೇ ಇದೆ. ಒಂದೇ ಕೆಲಸಕ್ಕೆ ಬರುವ ವಸ್ತು ಎಂದರೆ ನಮಗೆ ಮೋಸ ಹೋದಂತೆ. ನಮ್ಮ ಅಂಗಡಿಗೆ ಬೆಳೆಗೆ ಔಷಧ ಹೊಡೆಯುವ ಪಂಪು ಕೊಳ್ಳಲು ಬಂದವರು, ಇದರಿಂದ ಗ್ವಾಡಿಗೆ ಸುಣ್ಣ ಹೊಡಿಯಾಕ ಬರತೈತೇನ್ರಿ ಎಂದು ಕೇಳದೆ ಹೋದದ್ದಿಲ್ಲ. ಧಾರಾಳವಾಗಿ ಬರತೈತ್ರಿ ಎಂದು ನಾನು ಹೇಳದೆ ಕಳಿಸಿದ್ದೂ ಇಲ್ಲ. ಎಲ್ಲರಿಗೂ ಹೇಳಿ ಹೇಳಿ ನನಗೇ ನಂಬಿಕೆ ಬಂದುಬಿಟ್ಟಿತ್ತೋ ಏನೋ, ಸಣ್ಣದನ್ನು ಒಂದು ಸಲ ಸವರಿ, ದೊಡ್ಡದನ್ನು ಹೊರಿಸಿಕೊಂಡು ಬಂದೆ. ಟಂಟಂ ಆಟೋದಲ್ಲಿ ಅದಕ್ಕೊಂದು ಸೀಟು, ನಮಗಿಬ್ಬರಿಗೆ ಒಂದು ಸೀಟು.

ಡಬ್ಬಿಯ ಮೊದಲ ಕಾರ್ಯಕ್ರಮ ಸಿಂಧನೂರಿನ ಹತ್ತಿರ ಬಂಗಾಲಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ದುರ್ಗಾ ಪೂಜೆಯಲ್ಲಿ. ನಿಜ ಹೇಳುತ್ತೇನೆ, ಆ ಸಂಜೆ ನಾನು ರಾಜ. ಖಾಜಾಸಾಬರು ಅಭ್ಯಾಸಬಲದಿಂದ ನನ್ನ ಗುಂಡಿ ತಗ್ಗಿಸಿದರು, ನನ್ನ ದನಿ ತಗ್ಗಲಿಲ್ಲ. ಪೆಂಡಾಲಿನ ತಗಡು ಗುಂಯ್ ಅಂದಿತು. ಬಂಗಾಲಿ ಅಜ್ಜಿಯೊಬ್ಬರು ಕುರ್ಚಿ ಬಿಟ್ಟೆದ್ದು ಬಂದು, ಡಬ್ಬಿಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ ನೆಲಕ್ಕೆ ಕೂತುಬಿಟ್ಟರು. ಎಷ್ಟು ಹಾಡಾದರೂ ಏಳಲಿಲ್ಲ. ಇಷ್ಟು ವರ್ಷಕ್ಕೆ ಒಂದು ಜೀವ ನನ್ನನ್ನು ಕೇಳುತ್ತಿದೆ ಎಂದುಕೊಂಡೆ. ಮುಗಿದ ಮೇಲೆ ಅಜ್ಜಿ ನನ್ನ ಕೈ ಹಿಡಿದು ತಮ್ಮ ಕನ್ನಡದಲ್ಲಿ, ಸೊಂಟದ ನೋವು ಬಹಳ ಹಗುರಾಯಿತು ಬಾಬಾ, ನಾಳೆಯೂ ಡಬ್ಬಿ ತರುತ್ತೀಯಾ ಎಂದು ಕೇಳಿದರು. ತರುತ್ತೇನೆ ಎಂದೆ, ತಂದೆ ಕೂಡ. ಬೆನ್ನು ಕೊಟ್ಟು ಕೇಳಿದರೂ ಅವರೊಬ್ಬರೇ ಕೇಳಿದವರು.

ಆದರೆ ಆ ಗುಂಯ್ ಅನ್ನುವುದನ್ನು ಖಾಜಾಸಾಬರೂ ಕೇಳಿದ್ದರು. ಅವರು ಕೇಳಿದ್ದು ಡಬ್ಬಿಯನ್ನು, ನನ್ನನ್ನಲ್ಲ. ಮುಂದಿನ ಮದುವೆಯಲ್ಲಿ ಮೌನೇಶ, ಅಣ್ಣಾ, ಒಂದ ಹಾಡಿಗೆ ಅಷ್ಟ, ಎಂದು ಖಾಲಿ ತೂತಿಗೆ ತನ್ನ ಪಿನ್ನು ಚುಚ್ಚಿದ. ಹಾಡು ಮುಗಿದರೂ ಪಿನ್ನು ಹೊರಗೆ ಬರಲಿಲ್ಲ. ಅವನ ಎಡಗೈ, ನನ್ನ ಬಲಗೈ, ಎರಡೂ ಒಂದೇ ಡಬ್ಬಿಯಲ್ಲಿ ಸೇರಿ ಕೆಸರು ಇನ್ನಷ್ಟು ಕೆಸರಾಯಿತು. ಅದಾದ ಮೇಲೆ ನಿರೂಪಣೆ ಮಾಡುವವರ ಮೈಕಿಗೂ ಜಾಗ ಬೇಕಾಯಿತು. ವಧೂವರರ ಹೆಸರು, ಬೀಗರ ಊರು ಎಲ್ಲ ಎದೆಗೆ ತಾಗುವಂತೆ ಕೇಳಿಸಬೇಕಂತೆ. ಲಿಂಗಸುಗೂರಿನ ಒಂದು ಮದುವೆಯ ಬೆಳಿಗ್ಗೆ ನೋಡುತ್ತೇನೆ, ಒಂದು ತೂತಿನಲ್ಲಿ ಮೌನೇಶ, ಇನ್ನೊಂದರಲ್ಲಿ ಮೈಕು. ನನ್ನ ಪಿನ್ನು ನನ್ನ ಕೈಯಲ್ಲಿ.

"ಮಿಕ್ಸರಿಗೆ ಹಾಕ್ಕೊಂತೀನಿ ಬಿಡ್ರಿ" ಎಂದೆ. ಅಲ್ಲಿ ನನ್ನ ಹಳೆಯ ಜಾಗಕ್ಕೆ ಸನಾದಿ ಊದುವವರ ಮೈಕು ಬಂದು ಕೂತಿತ್ತು.

"ಅಮರೇಶಣ್ಣ, ನೀವು ಬ್ಯಾಡ ಅಂತ ನಾ ಎಲ್ಲಿ ಅಂದೀನಿ?" ಎಂದರು ಖಾಜಾಸಾಬರು, ಹೆಗಲ ಮೇಲೆ ಕೈ ಹಾಕಿ. "ನಿಮ್ಮ ಡಬ್ಬಿ ಬಂದ ಮ್ಯಾಲ ನಮ್ಮ ಆರ್ಕೆಸ್ಟ್ರಾಕ್ಕ ಕಳಾ ಬಂದೈತಿ. ನೀವು ಗಿಟಾರ ಹಾಕ್ಕೊಂಡು ನಿಲ್ರಿ. ಸ್ಟೇಜ್ ತುಂಬಿದಂಗ ಕಾಣತೈತಿ."

ಡಬ್ಬಿ ಹೊತ್ತು ಮನೆಗೆ ಹೊರಡಬೇಕಿತ್ತು. ಕಾಲು ಕೀಳಲಿಲ್ಲ. ಮದುವೆ ಮಾವನ ಬಳಗದ್ದೇ, ಮೊದಲ ಸಾಲಿನಲ್ಲಿ ರುಮಾಲು ಸರಿ ಮಾಡಿಕೊಳ್ಳುತ್ತಾ ಅವರು ಕೂತಿದ್ದರು, ಪಕ್ಕದಲ್ಲಿ ಗಿರಿಜಾ. ಈಗ ಇಳಿದು ಹೋದರೆ ಪಾಮನಕಲ್ಲೂರಿನಲ್ಲಿ ನಿಲ್ಲುವ ಕೆಲಸವನ್ನೂ ಅಳಿಯ ಕಳೆದುಕೊಂಡ ಎಂದಾಗುತ್ತದೆ. ಪಿನ್ನು ಜೋತಾಡಬಾರದೆಂದು ಪ್ಯಾಂಟಿನ ಕಿಸೆಗೆ ತುರುಕಿಕೊಂಡು ನಿಂತೆ. ಮೌನೇಶ ಎಡಗೈ ಇಟ್ಟ, ಮಂಟಪದ ಕಿಟಕಿಗಳು ನಡುಗಿದವು. ನಾನು ಬೆರಳು ಆಡಿಸಿದೆ.

ಊಟಕ್ಕೆ ಮುಂಚೆ ಮಾವ ತಾವಾಗಿ ಎದ್ದು ಬಂದು ನನ್ನೆರಡೂ ಕೈ ಹಿಡಿದುಕೊಂಡರು.

"ಅಳಿಯಾರ, ಇವತ್ತು ನಿಮ್ಮದು ಕೇಳಿಸ್ತು ನೋಡ್ರಿ. ಎದಿಗೆ ಬಂದು ಬಡೀತು. ಇಷ್ಟು ದಿನ ನಾನ ತಪ್ಪು ತಿಳ್ಕೊಂಡಿದ್ದೆ."

ಅವರ ಕಣ್ಣು ಒದ್ದೆಯಾಗಿದ್ದವು. ಗಿರಿಜಾ ನನ್ನ ಗಿಟಾರು ನೋಡಿದಳು, ಅದರಿಂದ ಇಳಿದ ವೈರನ್ನು ನೋಡಿದಳು, ವೈರು ಹೋಗಿ ಮುಗಿದ ಕಿಸೆಯನ್ನು ನೋಡಿದಳು. ಆಮೇಲೆ ಎಲೆ ಹಾಕ್ಯಾರ ಬರ್ರಿ ಎಂದಷ್ಟೇ ಹೇಳಿ ತಿರುಗಿದಳು. ನಾನು ಮಾವನಿಗೆ, ಎಲ್ಲ ನಿಮ್ಮ ಆಶೀರ್ವಾದ ಎಂದೆ. ಇನ್ನೇನು ಹೇಳಲಿ? ಬೆರಳು ಸವೆಯುವಂತೆ ಬಾರಿಸಿದಾಗ ಸುಮ್ಮನೆ ನಿಂತಿದ್ದ ಅಂದರು. ಸುಮ್ಮನೆ ನಿಂತಾಗ ಕೈ ಹಿಡಿದು ಕಣ್ಣೀರು ಹಾಕಿದರು. ಅಂದಿನ ಹೋಳಿಗೆ ಇಳಿಯಿತು, ಅದೇ ನಾಚಿಕೆ.

ಈಗ ಮಾವ ನಮ್ಮ ಯಾವ ಮದುವೆಯನ್ನೂ ತಪ್ಪಿಸುವುದಿಲ್ಲ. ಕರೆ ಇರಲಿ ಬಿಡಲಿ, ಊರಿನ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಬಂದು, ಅಗೋ ಆ ದುಂ ದುಂ ಅನ್ನೋದು ನಮ್ಮ ಅಳಿಯಾರದು ಎಂದು ಬೆರಳು ತೋರಿಸುತ್ತಾರೆ. ಹೀಗಾಗಿ ನನಗೆ ನಿಲ್ಲುವ ಕೆಲಸವೂ ಹಗುರವಾಗಿ ಉಳಿದಿಲ್ಲ. ಮೌನೇಶನ ಎಡಗೈ ಮೇಲೆ ಕಣ್ಣಿಟ್ಟು, ಅದಕ್ಕೆ ತಪ್ಪದಂತೆ ಬೆರಳು ಆಡಿಸಬೇಕು. ಮನೆಯಲ್ಲಿ ಅಭ್ಯಾಸ ಬೇರೆ ಮಾಡುತ್ತೇನೆ, ಗಿರಿಜಾ ನೋಡಿಯೂ ನೋಡದಂತೆ ಅಕ್ಕಿ ಆರಿಸುತ್ತಿರುತ್ತಾಳೆ. ಮೊನ್ನೆ ಸಿಂಧನೂರಿನಲ್ಲಿ ಮೌನೇಶನಿಗೆ ಒಂದು ಕಡೆ ಕೈ ತಪ್ಪಿತು, ಇಡೀ ಮಂಟಪಕ್ಕೆ ಕೇಳಿಸುವಷ್ಟು ಕೆಟ್ಟದಾಗಿ. ಮಾವ ಅವನ ಕಡೆ ತಿರುಗಿಯೂ ನೋಡಲಿಲ್ಲ. ಸ್ಟೇಜಿನಿಂದ ಇಳಿದ ಮೇಲೆ ನನ್ನನ್ನು ಬದಿಗೆ ಕರೆದು, ಬಹಳ ಮೆಲ್ಲಗೆ, ಯಾಕ ಅಳಿಯಾರ, ಮೈಯಾಗ ಆರಾಮ ಇಲ್ಲೇನು ಎಂದು ಕೇಳಿದರು.

ಇಲ್ರೀ ಮಾವಾರ, ಸ್ವಲ್ಪ ಕೈ ತಪ್ಪಿತು, ಇನ್ನೊಮ್ಮೆ ಹಂಗ ಆಗಂಗಿಲ್ಲ ಎಂದೆ.